ಎಡಗೈಗೆ ಸುತ್ತಿದ ಬ್ಯಾಂಡೇಜು

ಇಲ್ಲಿ ಬರೆಯುವುದರಲ್ಲಿ ಕೆಲವಾದರೂ ತಪ್ಪಿರಬಹುದು. ಅವಳು ನಮ್ಮ ಮನೆಗೆ ಬಂದದ್ದು ಮಳೆಗಾಲದ ಶುರುವಿನಲ್ಲಿ ಎಂದು ಎಷ್ಟೋ ವರ್ಷ ನಾನು ನಂಬಿಕೊಂಡಿದ್ದೆ. ಹಳೆಯ ದಿನಚರಿ ತೆಗೆದು ನೋಡಿದರೆ ಅವಳ ಹೆಸರು ಮೊದಲು ಕಾಣಿಸುವುದು ಅವರೆಕಾಯಿಯ ಕಾಲದಲ್ಲಿ. ಅವಳ ಟ್ರಂಕು ಹಸಿರು ಬಣ್ಣದ್ದು ಎಂದು ನನ್ನ ನೆನಪು. ನೀಲಿ ಎಂದು ಅಮ್ಮ ಹೇಳುತ್ತಾಳೆ. ದನಿಯೊಂದಾದರೂ ಸರಿಯಾಗಿ ಉಳಿದಿದೆ ಎಂದುಕೊಂಡಿದ್ದೆ. ಈಗ ಅದರ ಮೇಲೂ ಅನುಮಾನ. ಅವಳ ಮಾತುಗಳನ್ನು ಇಷ್ಟು ವರ್ಷ ನನ್ನೊಳಗೆ ನಾನೇ ಆಡಿಕೊಂಡು ಬಂದಿದ್ದೇನೆ. ಅವಕ್ಕೆ ನನ್ನ ದನಿ ಅಂಟಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಹೋದ ತಿಂಗಳು ವಿಜಯನಗರದ ಒಂದು ಕಲ್ಯಾಣಮಂಟಪದಲ್ಲಿ ಊಟಕ್ಕೆ ಕುಳಿತಾಗ ಪಕ್ಕದ ಎಲೆಯ ಹೆಂಗಸು ಚಿತ್ರದುರ್ಗದ ಕಡೆಯವರು ಎಂದು ತಿಳಿಯಿತು. ಊರಿನ ಹೆಸರು ಕೇಳಿದೆ. ಅದು ಅವಳನ್ನು ಮದುವೆ ಮಾಡಿ ಕೊಟ್ಟ ಊರು. ಅವಳ ಬಗ್ಗೆ ವಿಚಾರಿಸಿದೆ.

"ಅವ್ರಾ? ಅವ್ರು ಹೋಗಿ ಬರೋ ತಿಂಗಳಿಗೆ ಎರಡು ವರ್ಷ ಆಗುತ್ತೆ ಕಣ್ರೀ," ಎಂದರು ಆಕೆ. ಹೋಳಿಗೆಗೆ ತುಪ್ಪ ಬಡಿಸುವವನು ಬಂದ. ಅವನು ಮುಂದೆ ಹೋದ ಮೇಲೆ ಆಕೆಯೇ ಮುಂದುವರಿಸಿದರು. "ನಮ್ಮೂರಲ್ಲಿ ಹೆಣ್ಮಕ್ಕಳು ಯಾರಾದ್ರೂ ತೀರಿಕೊಂಡ್ರೆ ಮೈ ತೊಳೆಯೋಕೆ ಅವ್ರನ್ನೇ ಕರೀತಿದ್ರು. ನಮ್ಮತ್ತೆಗೂ ಅವ್ರೇ ಮಾಡಿದ್ದು. ನೀರು ಬಿಸಿ ಜಾಸ್ತಿ ಆಯ್ತೇನವ್ವಾ ಅಂತ ಕೇಳ್ಕೊಂಡು ಕೇಳ್ಕೊಂಡು ಹುಯ್ದ್ರು. ಬದುಕಿರೋರಿಗೆ ಕೇಳ್ದಂಗೆ."

"ನರ್ಸ್ ಆಗಿದ್ರಾ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಅಯ್ಯೋ, ಇಲ್ಲ. ಮನೇಲೇ ಇದ್ರು. ಯಾಕೆ?"

ಸಾರು ಬಂತು, ಹಾಕಿಸಿಕೊಂಡೆ.

ಅವಳ ಹೆಸರನ್ನು ಬರೆಯುವುದಿಲ್ಲ. ಇಬ್ಬರು ಮಕ್ಕಳಿದ್ದಾರಂತೆ. ಎಪ್ಪತ್ತರ ದಶಕದಲ್ಲಿ ಒಂದು ವರ್ಷಕ್ಕೂ ಕಡಿಮೆ ಕಾಲ ತಮ್ಮ ತಾಯಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತಿದ್ದಳು ಎಂಬುದು ಅವರಿಗೆ ಗೊತ್ತೋ ಇಲ್ಲವೋ. ಅವಳು ಹೇಳದೇ ಉಳಿಸಿದ್ದನ್ನು ನಾನು ಹೇಳುವುದು ಬೇಡ. ಅಂಥ ಕೆಲಸವನ್ನು ಒಮ್ಮೆ ಮಾಡಿದ್ದೇನೆ.

ಆಗ ನಮ್ಮ ಮನೆ ರಾಜಾಜಿನಗರದಲ್ಲಿತ್ತು. ಅಪ್ಪ ಹೈಸ್ಕೂಲ್ ಮೇಷ್ಟ್ರು. ನಾನು ಬಿ.ಎ. ಎರಡನೇ ವರ್ಷ. ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಮನೆಯ ಯಜಮಾನಿ. ಆ ಹುಡುಗಿಯ ತಂದೆ ಅಪ್ಪನ ಬಾಲ್ಯದ ಗೆಳೆಯರು. ನರ್ಸಿಂಗ್ ಹಾಸ್ಟೆಲ್‌ನಲ್ಲಿ ಜಾಗ ಸಿಗುವವರೆಗೆ ಮಗಳು ನಿಮ್ಮಲ್ಲಿರಲಿ ಎಂದು ಬರೆದಿದ್ದರು. ಹಿತ್ತಲ ಪಕ್ಕದ ಕೋಣೆಯಲ್ಲಿ ನನ್ನ ಜೊತೆ ಅವಳಿಗೂ ಜಾಗವಾಯಿತು. ನನಗಿಂತ ಎರಡು ವರ್ಷ ಚಿಕ್ಕವಳು. ಕುಳ್ಳಗೆ, ಗಟ್ಟಿಮುಟ್ಟಾಗಿ, ಯಾವಾಗಲೂ ತೋಳು ಮಡಚಿಕೊಂಡ ಹಾಗೆ ಇರುತ್ತಿದ್ದಳು, ಮಡಚದೇ ಇದ್ದಾಗಲೂ.

ಯಾಕೆ ನರ್ಸಿಂಗ್ ಎಂದು ಮೊದಲ ವಾರವೇ ಕೇಳಿದ್ದೆ. "ನಮ್ಮೂರಿಗೆ ಡಿಸ್ಪೆನ್ಸರಿ ಬಂದೈತೆ ಅಕ್ಕ. ಡಾಕ್ಟ್ರು ವಾರಕ್ಕೆ ಎರಡು ದಿನ ಬರ್ತಾರೆ. ಸಿಸ್ಟರ್ ಅಂತ ಒಂದು ಕುರ್ಚಿ ಹಾಕವ್ರೆ, ಮೂರು ವರ್ಷದಿಂದ ಅದ್ರಲ್ಲಿ ಯಾರೂ ಕೂತಿಲ್ಲ. ಕಾಂಪೌಂಡರು ಅದ್ರ ಮೇಲೆ ಛತ್ರಿ ಇಡ್ತಾನೆ." ಆಮೇಲೆ, "ಅವನ ಛತ್ರಿ ಎತ್ತಿಸ್ಬೇಕು," ಎಂದಳು. ಅವಳ ಇಡೀ ಮಹತ್ವಾಕಾಂಕ್ಷೆ ಅದು. ನಾನು ಆಗ ದೊಡ್ಡ ದೊಡ್ಡ ಪುಸ್ತಕ ಓದುತ್ತಿದ್ದೆ. ನನಗೆ ನಗು ಬಂದಿತ್ತು.

ಮೊದಲ ತಿಂಗಳುಗಳು ಬರೀ ಪಾಠ. ಒಗೆಯುವ ಕಲ್ಲಿನ ಮೇಲೆ ಕುಳಿತು ಮೂಳೆಗಳ ಹೆಸರು ಬಾಯಿಪಾಠ ಮಾಡುವಳು. ಅಜ್ಜಿಯ ಮೊಣಕಾಲಿಗೆ, ನನ್ನ ಮೊಣಕೈಗೆ, ಕೊನೆಗೆ ರುಬ್ಬುವ ಗುಂಡಿಗೂ ಬ್ಯಾಂಡೇಜು ಸುತ್ತುವಳು. ಎಲ್ಲರ ಹಾಸಿಗೆಯ ಹೊದಿಕೆಯನ್ನೂ ಆಸ್ಪತ್ರೆಯ ಕ್ರಮದಲ್ಲಿ ಮೂಲೆ ಮಡಚಿ ಬಿಗಿದು, ಅಜ್ಜಿಗೆ ಕಾಲು ತೂರಿಸಲಾಗದೆ, "ಏನೇ ಇದು, ನನ್ನನ್ನ ಲಕೋಟೆಗೆ ಹಾಕಿ ಅಂಟಿಸ್ತೀಯಾ?" ಎಂದು ಬೈಸಿಕೊಂಡಳು. ಇಂಜೆಕ್ಷನ್ ಅಭ್ಯಾಸಕ್ಕೆ ಅಮ್ಮ ಒಂದು ಬದನೆಕಾಯಿ ಕೊಟ್ಟಳು. ಚುಚ್ಚುವ ಮೊದಲು ಅದರ ಮೈ ಸವರಿ, "ಇರುವೆ ಕಚ್ಚಿದಂಗೆ ಆಗುತ್ತೆ, ಅಷ್ಟೇ," ಎಂದು ಸಮಾಧಾನ ಹೇಳುತ್ತಿದ್ದಳು. ಮಧ್ಯಾಹ್ನ ಅದೇ ಪಲ್ಯವಾಯಿತು. ಅಪ್ಪ ಎರಡನೇ ಸಲ ಹಾಕಿಸಿಕೊಂಡು, "ಇವತ್ತು ಜ್ವರಗಿರ ಬರೋಲ್ಲ ಬಿಡು," ಎಂದರು.

ವಾರ್ಡ್ ಡ್ಯೂಟಿ ಶುರುವಾಗುವ ಹಿಂದಿನ ದಿನ ಅಮ್ಮನ ಹತ್ತಿರ ಅನ್ನ ಬಸಿದ ಗಂಜಿ ಕೇಳಿ ಪಡೆದು ಏಪ್ರನ್‌ಗೂ ಕ್ಯಾಪಿಗೂ ಹಾಕಿದಳು. ಇಸ್ತ್ರಿಪೆಟ್ಟಿಗೆ ಇರಲಿಲ್ಲ. ತಾಮ್ರದ ಚೊಂಬಿಗೆ ಕೆಂಡ ತುಂಬಿ ಉಜ್ಜಿದಳು. ಕ್ಯಾಪು ಹಪ್ಪಳದ ಹಾಗೆ ನಿಂತಿತು. ಕೊರಳಲ್ಲಿ ಏನೂ ಕಾಣಬಾರದು ಎಂಬ ನಿಯಮವಿದ್ದದ್ದರಿಂದ ಶಿವದಾರವನ್ನು ಉದ್ದ ಮಾಡಿ ಲಿಂಗವನ್ನು ಬಟ್ಟೆಯ ಒಳಗೆ ಮರೆಮಾಡಿಕೊಂಡಳು. ನಮ್ಮ ಹಾಗೆ ಅವರೂ ಲಿಂಗಾಯತರು.

ವಾರ್ಡಿನಿಂದ ಬಂದವಳು ಹಿತ್ತಲಿನ ಬಾಗಿಲಿನಿಂದಲೇ ಬರಬೇಕು, ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು ಎಂದು ಅಜ್ಜಿ ವಿಧಿಸಿದಳು. ಬಚ್ಚಲಲ್ಲಿ ಹೊಟ್ಟಿನ ಒಲೆಯ ಮೇಲೆ ಹಂಡೆ ಕಾಯುತ್ತಿರುತ್ತಿತ್ತು. ಒಮ್ಮೆ ಅವಳು ಕೇಳಿಯೇಬಿಟ್ಟಳು.

"ಅಜ್ಜಿ, ನಮ್ಮಲ್ಲಿ ಸೂತಕ ಇಲ್ಲ, ಹುಟ್ಟಿದ್ದಕ್ಕೂ ಇಲ್ಲ ಸತ್ತದ್ದಕ್ಕೂ ಇಲ್ಲ ಅಂತ ಮೇಷ್ಟ್ರು ಭಾಷಣ ಮಾಡ್ತಾರಲ್ಲ."

"ಸೂತಕ ಇಲ್ಲ ಕಣವ್ವ. ಕ್ರಿಮಿ ಐತಲ್ಲ. ಅದನ್ನ ನೀನೇ ಹೇಳಿದ್ದು. ನಡಿ ಬಚ್ಚಲಿಗೆ."

ಅಪ್ಪ ಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ವಾರ್ಡ್ ಶುರುವಾದ ಮೇಲೆ ಅವಳಲ್ಲಿ ಬಂದ ಬದಲಾವಣೆಯನ್ನು ನಾನು ಕ್ರಮವಾಗಿ ಗಮನಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಿಡಿಬಿಡಿಯಾಗಿ ಕೆಲವು ಕಂಡವು. ಊಟಕ್ಕೆ ಮೊದಲು ಅಂಗೈ ಮೂಸುವುದು ಶುರುವಾಯಿತು. ಸ್ನಾನವಾಗಿದ್ದರೂ ಇನ್ನೊಮ್ಮೆ ಸೋಪು ಹಚ್ಚಿ ತೊಳೆದು ಮತ್ತೆ ಮೂಸುವಳು. ಆಮೇಲೆ ಚಮಚ ಕೇಳಿದಳು. ಮುದ್ದೆಯನ್ನು ಚಮಚದಲ್ಲಿ ಮುರಿಯುವುದನ್ನು ನೋಡಿ ಅಮ್ಮ, "ದೊರೆಸಾನಿ ಆದೆಯಲ್ಲೇ," ಎಂದು ತಮಾಷೆ ಮಾಡಿದಳು. ಅವಳು ನಕ್ಕಳು. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವಳ ವಾರ್ಡಿನ ಸಿಸ್ಟರ್ ಹೇಳಿಕೊಟ್ಟ ಮೊದಲ ಪಾಠ, ಪೇಷೆಂಟಿನ ಮುಂದೆ ನಿನ್ನ ಮುಖ ನಿನ್ನದಲ್ಲ ಎನ್ನುವುದು. ಅದನ್ನು ಅವಳು ಎಷ್ಟು ನಂಬಿದಳೆಂದರೆ ನಮ್ಮ ಕೋಣೆಯ ಗೋಡೆಗನ್ನಡಿಯ ಮುಂದೆ ನಿಂತು ಮುಖ ಅಭ್ಯಾಸ ಮಾಡುತ್ತಿದ್ದಳು. "ಇದು ಗಾಯದ ಡ್ರೆಸಿಂಗ್ ಬಿಚ್ಚುವಾಗಿನ ಮುಖ. ಇದು 'ನಾನು ಯಾವಾಗ ಮನೆಗೆ ಹೋಗ್ತೀನಮ್ಮ' ಅಂತ ಕೇಳಿದಾಗಿನ ಮುಖ." ಎರಡೂ ನನಗೆ ಒಂದೇ ಥರ ಕಾಣುತ್ತಿದ್ದವು. ಒಂದೇ ಥರ ಇರಬೇಕಾದದ್ದೇ ಎಂದಳು.

"ಅಳು ಬಂದ್ರೆ?"

"ಬೆಡ್‌ಪ್ಯಾನ್ ತೊಳೆಯೋ ರೂಮಿಗೆ ಹೋಗಿ ಅಳ್ಬೇಕಂತೆ. ಐದು ನಿಮಿಷ. ಸೀನಿಯರ್‌ಗಳು ಹೇಳಿದ್ರು. ಆದ್ರೆ ಅಲ್ಲಿ ಯಾವಾಗ್ಲೂ ಕ್ಯೂ ಇರುತ್ತೆ ಅಕ್ಕ."

ಥರ್ಮಾಮೀಟರ್ ಒಡೆದ ದಿನ ಸಿಸ್ಟರು ಇಡೀ ವಾರ್ಡಿನ ಎದುರಿಗೆ ಬೈದದ್ದನ್ನು ಅವಳು ಮನೆಯಲ್ಲಿ ಅಭಿನಯಿಸಿ ತೋರಿಸಿದಳು. ಸಿಸ್ಟರ್ ನಡೆಯುವ ರೀತಿ, ಕನ್ನಡಕದ ಮೇಲಿಂದ ನೋಡುವ ರೀತಿ, ಹಾಸಿಗೆಯಲ್ಲಿದ್ದವರು ಹಲ್ಲು ಬಿಟ್ಟ ರೀತಿ. ಅಜ್ಜಿ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆವತ್ತು ಅಭಿನಯಿಸಿದವಳ ಲೋಟದ ಕಾಫಿ ಮಾತ್ರ ಹಾಗೆಯೇ ಉಳಿದು ಕೆನೆ ಕಟ್ಟಿತ್ತು. ಇದನ್ನು ದಿನಚರಿಯಲ್ಲಿ ಬರೆದಿದ್ದೇನೆ, ಆದ್ದರಿಂದ ನಿಜವಿರಬೇಕು. ಗಂಡಸರ ವಾರ್ಡಿನಲ್ಲಿ ಒಬ್ಬ ನಾಡಿ ನೋಡುವಾಗ ಅವಳ ಮಣಿಕಟ್ಟನ್ನೇ ಹಿಡಿದು ಬಿಡಲಿಲ್ಲವಂತೆ. "ನಾಡಿ ನಾನು ನೋಡ್ತಿದ್ದೀನೋ, ನನ್ನ ನಾಡಿ ಅವನು ನೋಡ್ತಿದ್ದಾನೋ ಗೊತ್ತಾಗ್ಲಿಲ್ಲ," ಎಂದು ಹೇಳಿ, "ಅಜ್ಜಿಗೆ ಹೇಳ್ಬೇಡಿ ಅಕ್ಕ," ಎಂದಳು. ಅದನ್ನು ನಾನು ಹೇಳಲಿಲ್ಲ.

ಭಾನುವಾರ ರಜೆ ಸಿಕ್ಕರೆ ಇಬ್ಬರೂ ಬಸವೇಶ್ವರನಗರದ ಕಡೆ ನಡೆದು ಹೋಗುತ್ತಿದ್ದೆವು. ಆಗಿನ್ನೂ ಅಲ್ಲಿ ಮನೆ ಕಡಿಮೆ. ರಾಗಿ ಕೊಯ್ದ ಹೊಲದಲ್ಲಿ ಸೈಟಿನ ಕಲ್ಲುಗಳನ್ನು ನೆಟ್ಟಿದ್ದರು. ಮಕ್ಕಳ ವಾರ್ಡಿಗೆ ಹಾಕಿದ್ದ ತಿಂಗಳು ಅದು. ಅವಳು ಕಲ್ಲಿನಿಂದ ಕಲ್ಲಿಗೆ ನೋಡುತ್ತಾ ನಡೆಯುತ್ತಿದ್ದಳು. "ಬೆಳಿಗ್ಗೆ ಹೋದ ತಕ್ಷಣ ನಾನು ಮಕ್ಕಳನ್ನ ನೋಡಲ್ಲ ಅಕ್ಕ. ಹಾಸಿಗೆ ನೋಡ್ತೀನಿ. ಯಾವುದಕ್ಕಾದ್ರೂ ಒಗೆದ ಬೆಡ್‌ಶೀಟ್ ಹಾಕಿ ಮೂಲೆ ಮಡಚಿಟ್ಟಿದ್ರೆ ಎದೆ ಧಸಕ್ ಅನ್ನುತ್ತೆ. ಮನೆಗೆ ಹೋಯ್ತಾ ಅಂತ ಯಾರನ್ನೂ ಕೇಳಲ್ಲ. ಕೇಳ್ದೇ ಇದ್ರೆ ಹೋಗಿರ್ಬಹುದು ಅಂತ ಅಂದ್ಕೊಂಡಿರ್ಬಹುದಲ್ಲ."

ನಾನು ಏನು ಹೇಳಿದೆ? ನೆನಪಿಲ್ಲ. ಏನೋ ಪುಸ್ತಕದ ಮಾತು ಹೇಳಿರಬೇಕು.

ಆ ಮುದುಕರು ಬಂದದ್ದು ಅವಳನ್ನು ಮತ್ತೆ ಗಂಡಸರ ವಾರ್ಡಿಗೆ ಹಾಕಿದ ಮೇಲೆ. ಕುಣಿಗಲ್ಲಿನ ಕಡೆಯವರು. ಹೃದಯದ ಕಾಯಿಲೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಬೆಳಿಗ್ಗೆ ಪೂಜೆಯಾಗದೆ ಹಾಲು ಸಹ ಮುಟ್ಟುತ್ತಿರಲಿಲ್ಲವಂತೆ. ಡಾಕ್ಟರ ರೌಂಡ್ಸಿಗೆ ಮುಂಚೆ ಹಾಸಿಗೆಗಳೆಲ್ಲ ಒಪ್ಪವಾಗಿರಬೇಕು, ನೀರು ಚೆಲ್ಲಿರಬಾರದು ಎಂದು ಸಿಸ್ಟರು ಕಟ್ಟುನಿಟ್ಟು. ಮೊದಲ ದಿನ ಮುದುಕರು ಹತ್ತು ಗಂಟೆಯವರೆಗೆ ಹಸಿದು ಕೂತರು. ಎರಡನೇ ದಿನದಿಂದ ಇವಳು ಬೆಳಗಿನ ಬಸ್ಸಿಗಿಂತ ಒಂದು ಬಸ್ಸು ಮುಂಚೆ ಹೊರಡತೊಡಗಿದಳು. ಇಬ್ಬರೂ ಸೇರಿ ಸದ್ದಿಲ್ಲದೆ ಪೂಜೆ ಮುಗಿಸುತ್ತಿದ್ದರು. ಮುದುಕರು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀರು ಹಾಕುವಾಗ ಅದು ಹಾಸಿಗೆಗೆ ಬೀಳದ ಹಾಗೆ ಇವಳು ಕೆಳಗೆ ಕಿಡ್ನಿ ಟ್ರೇ ಹಿಡಿಯುವಳು. ಹುರುಳಿಬೀಜದ ಆಕಾರದ ಆ ತಟ್ಟೆ ಇರುವುದು ಕೀವಿನ ಹತ್ತಿ ಹಾಕಲು, ವಾಂತಿ ಹಿಡಿಯಲು. "ಕುದಿಸಿದ್ದೀನಿ ಅಕ್ಕ, ಇಪ್ಪತ್ತು ನಿಮಿಷ," ಎಂದು ನನಗೆ ಸಮಜಾಯಿಷಿ ಕೊಟ್ಟಳು. ಅಮ್ಮನ ಹತ್ತಿರ ವಿಭೂತಿಯ ಒಂದು ತುಂಡು ಕೇಳಿ ಏಪ್ರನ್ ಜೇಬಿನಲ್ಲಿ ಥರ್ಮಾಮೀಟರ್ ಪಕ್ಕ ಇಟ್ಟುಕೊಂಡಿದ್ದಳು.

ಆ ಮುದುಕರು ವಾರ್ಡಿನಲ್ಲಿದ್ದ ಹದಿನೈದು ದಿನ ಅವಳು ಚಮಚ ಬಿಟ್ಟಿದ್ದಳು. ಕೈಯಲ್ಲಿ ಉಂಡಳು. ಇದು ನನ್ನ ಕಲ್ಪನೆಯೇ ಎಂದು ಅಮ್ಮನನ್ನು ಕೇಳಿದೆ. ಇಲ್ಲ, ತನಗೂ ನೆನಪಿದೆ ಎಂದಳು.

ಅದೊಂದು ಗುರುವಾರ. ಮಧ್ಯಾಹ್ನ ಮೂರರ ಸುಮಾರಿಗೆ ಬಂದವಳು ಬಚ್ಚಲಿಗೆ ಹೋಗದೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಅಜ್ಜಿ ಮಲಗಿದ್ದಳು. ನಾನು ಹತ್ತಿರ ಹೋದೆ.

"ಅಜ್ಜಾರು ಹೋದ್ರು ಅಕ್ಕ. ಹನ್ನೊಂದು ಗಂಟೆಗೆ."

ಆಮೇಲೆ ಎಲ್ಲ ಹೇಳಿದಳು. ಸತ್ತವರನ್ನು ಸಿದ್ಧಪಡಿಸುವುದನ್ನು ಅವಳು ಅವತ್ತೇ ಮೊದಲು ಮಾಡಿದ್ದು. ಮೈ ಒರೆಸಿ ತೊಳೆಯಬೇಕು, ಕಣ್ಣು ಮುಚ್ಚಬೇಕು, ದವಡೆಗೆ ಪಟ್ಟಿ ಕಟ್ಟಬೇಕು. ಮೈಮೇಲಿರುವುದನ್ನೆಲ್ಲ ತೆಗೆದು, ಪಟ್ಟಿ ಮಾಡಿ, ಲಕೋಟೆಗೆ ಹಾಕಿ ಸಂಬಂಧಿಕರಿಗೆ ಒಪ್ಪಿಸಬೇಕು. ಜೊತೆಗಿದ್ದ ಸ್ಟಾಫ್ ನರ್ಸು ಕಾಗದಪತ್ರಕ್ಕೆಂದು ಹೊರಗೆ ಹೋದರು. ಪರದೆಯ ಒಳಗೆ ಇವಳೊಬ್ಬಳೇ.

"ಬೆಳ್ಳಿ ಕರಡಿಗೆ ಒಂದು ಅಂತ ಬರೆದೆ. ಒಳಗಿರೋದನ್ನ ಏನಂತ ಬರೀಲಿ? ಇಂಗ್ಲಿಷ್‌ನಲ್ಲೇ ಬರೀಬೇಕು. ಕಲ್ಲು ಅಂತ ಬರೆಯೋಕಾಗುತ್ತಾ ಅಕ್ಕ? ಅದೂ ಅಲ್ದೆ ಅದನ್ನ ಅವರಿಂದ ಬೇರೆ ಮಾಡೋ ಹಂಗಿಲ್ವಲ್ಲ. ಮಣ್ಣಿಗೆ ಹೋಗುವಾಗ ಕೈಯಲ್ಲೇ ಇರ್ಬೇಕಲ್ಲ. ಬಿಚ್ಚಿ ತೆಗೆದು ಎಡಗೈಲಿ ಇಟ್ಟು ಬೆರಳು ಮಡಚಿದೆ. ನಿಲ್ಲಲಿಲ್ಲ, ಬಿಚ್ಕೊಂಡು ಬಿಚ್ಕೊಂಡು ಬರ್ತಿತ್ತು. ಅದಕ್ಕೇ ಮೇಲೆ ಬ್ಯಾಂಡೇಜು ಸುತ್ತಿದೆ. ಎಂಟರ ಆಕಾರದ್ದು. ನಿಮ್ಮ ಕೈಗೆ ಸುತ್ತಿದ್ನಲ್ಲ, ಅದೇ."

"ಅಳ್ಲಿಲ್ವಾ?"

"ಇಲ್ಲ. ಮುಖ ಸರಿಯಾಗೇ ಇಟ್ಕೊಂಡಿದ್ದೆ. ಯಾರಿಗೆ ಅಂತ ಇಟ್ಕೊಂಡೆ ಅಂತ ಆಮೇಲೆ ಅನ್ನಿಸ್ತು. ನೋಡೋಕೆ ಪೇಷೆಂಟೇ ಇರ್ಲಿಲ್ಲ."

ಇಲ್ಲಿ ಅವಳು ಒಂದು ತಪ್ಪು ಮಾಡಿದಳು. ಲಿಂಗವನ್ನು ಕೈಯಲ್ಲಿಟ್ಟದ್ದನ್ನು ಯಾರಿಗೂ ಹೇಳಲಿಲ್ಲ, ಎಲ್ಲೂ ಬರೆಯಲಿಲ್ಲ. ಮನೆಯವರು ಮೈ ತೊಳೆಸುವಾಗ ತಾವಾಗಿಯೇ ನೋಡುತ್ತಾರೆ, ನೋಡಿದರೆ ಅರ್ಥವಾಗುತ್ತದೆ ಎಂದು ಅವಳ ಎಣಿಕೆ. ನಮ್ಮಂಥವರ ಮನೆಯಲ್ಲಿ ಹೇಳಿ ತಿಳಿಸಬೇಕಾದ ವಿಷಯವೇ ಅಲ್ಲ ಅದು. ಎರಡು ಗಂಟೆಗೆ ಡ್ಯೂಟಿ ಮುಗಿಯಿತು, ಬಸ್ಸು ಹತ್ತಿದಳು.

ನಾನು ಮಾಡಿದ ತಪ್ಪು ಅದೇ ಸಂಜೆ. ಅವಳು ಸ್ನಾನ ಮಾಡಿ ಮಲಗಿಬಿಟ್ಟಿದ್ದಳು. ಅಡುಗೆಮನೆಯಲ್ಲಿ ಅಜ್ಜಿ, ಅಮ್ಮ, ನಾನು. ನನಗೆ ಅವಳ ಬಗ್ಗೆ ಹೆಮ್ಮೆ ಉಕ್ಕುತ್ತಿತ್ತು. ಅಜ್ಜಿಗೆ ಸಂತೋಷವಾಗುತ್ತದೆ ಎಂದೇ ಎಲ್ಲವನ್ನೂ ಹೇಳಿದೆ. ಕಿಡ್ನಿ ಟ್ರೇಯ ಪೂಜೆ, ಎಡಗೈ, ಬ್ಯಾಂಡೇಜು. ಅಜ್ಜಿಯ ಕಣ್ಣು ಒದ್ದೆಯಾಗುತ್ತದೆ ಎಂದು ಕಾದೆ.

"ಮೈ ತೊಳೆದ್ಲು ಅಂದ್ಯಲ್ಲ," ಎಂದಳು ಅಜ್ಜಿ. "ಯಾರ ಮೈ?"

"ಆ ಅಜ್ಜಂದು."

"ಎಲ್ಲಾನೂವೆ?"

ಆಗ ನನಗೆ ಗೊತ್ತಾಯಿತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ನರ್ಸಿಂಗ್ ಎಂದರೆ ಮಾತ್ರೆ ಕೊಡುವುದು, ಜ್ವರ ನೋಡುವುದು, ಹೆಚ್ಚೆಂದರೆ ಬದನೆಕಾಯಿಗೆ ಚುಚ್ಚುವುದು. ಅಜ್ಜಿ ತಟ್ಟೆ ದೂರ ಸರಿಸಿದಳು. "ಮದುವೆ ಆಗ್ದೇ ಇರೋ ಹುಡುಗಿ. ನಾಳೆ ಯಾರಾದ್ರೂ ಕೇಳಿದ್ರೆ ನಮ್ಮ ಮನೇಲಿ ಇದ್ಳು ಅಂತಾರೆ. ಅವಳಪ್ಪನಿಗೆ ಗೊತ್ತೋ ಇಲ್ವೋ ಇದೆಲ್ಲ?" ಅಮ್ಮ ಸಾರಿನ ಪಾತ್ರೆಯಲ್ಲಿ ಸೌಟು ತಿರುಗಿಸುತ್ತಲೇ ಇದ್ದಳು.

ಶುಕ್ರವಾರ ಅವಳು ಬೆಳಿಗ್ಗೆ ಹತ್ತಕ್ಕೇ ವಾಪಸು ಬಂದಳು. ಹಿಂದಿನ ಸಂಜೆ ಮುದುಕರ ಮಗ ವಾರ್ಡಿನ ಮೇಜಿನ ಮುಂದೆ ಕರಡಿಗೆ ತೆರೆದು ನೋಡಿದ್ದಾನೆ. ಖಾಲಿ. ಅಪ್ಪನ ಲಿಂಗ ಎಲ್ಲಿ ಎಂದು ಕೂಗಾಡಿದ್ದಾನೆ. ಸಿಸ್ಟರಿಗೆ ಅವನು ಏನು ಕೇಳುತ್ತಿದ್ದಾನೆ ಎಂಬುದೇ ಅರ್ಥವಾಗಿಲ್ಲ; ಅವರ ಪದ್ಧತಿ ಬೇರೆ. ಪಟ್ಟಿಯಲ್ಲಿಲ್ಲದ ವಸ್ತುವೊಂದು ಕಾಣೆಯಾಗಿದೆ ಎಂಬುದಷ್ಟು ಅರ್ಥವಾಗಿದೆ. ಅಷ್ಟರಲ್ಲಿ ಬಟ್ಟೆ ಸುತ್ತಿದ ದೇಹವನ್ನು ವ್ಯಾನಿನಲ್ಲಿ ಊರಿಗೆ ಸಾಗಿಸಿಯಾಗಿತ್ತು. ಬೆಳಿಗ್ಗೆ ಇವಳು ಮುದುಕರ ಕೈಯಲ್ಲೇ ಇದೆ ಎಂದಾಗ, ಬಿಚ್ಚಿ ತೋರಿಸಲು ಅಲ್ಲಿ ಆ ಕೈ ಇರಲಿಲ್ಲ. ಹೇಳದೆ ಕೇಳದೆ ದೇಹದ ಮೇಲೆ ಏನೋ ಮಾಡಿದ್ದಾಳೆ, ಬರೆದಿಲ್ಲ, ಒಪ್ಪಿಸಿಲ್ಲ ಎಂದು ರಿಜಿಸ್ಟರಿನಲ್ಲಿ ದಾಖಲಾಯಿತು. ಅದು ಸುಳ್ಳೂ ಅಲ್ಲ. ಒಂದು ವಾರದೊಳಗೆ ಗಾರ್ಡಿಯನ್ ಬಂದು, ಇನ್ನು ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ಸಹಿ ಹಾಕಿದರೆ ತರಬೇತಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಹೆಸರು ತೆಗೆಯುತ್ತಾರೆ. ಅರ್ಜಿಯಲ್ಲಿ ಗಾರ್ಡಿಯನ್ ಎಂದು ಬರೆದಿದ್ದದ್ದು ಅಪ್ಪನ ಹೆಸರು.

"ಮೇಷ್ಟ್ರೇ, ಒಂದು ಸೈನು ಅಷ್ಟೇ," ಎಂದಳು ಸಂಜೆ. ಅಪ್ಪ ಶೂ ಬಿಚ್ಚುತ್ತಿದ್ದರು. "ನೀವು ಏನೂ ಮಾತಾಡೋದು ಬೇಡ. ಮಾತೆಲ್ಲ ನಾನೇ ಆಡ್ತೀನಿ. ನೀವು ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು."

"ಸೋಮವಾರ ಹೋಗೋಣ ಕಣಮ್ಮ," ಎಂದರು ಅಪ್ಪ. ಆಮೇಲೆ ಅಜ್ಜಿ ಅವರನ್ನು ಒಳಗೆ ಕರೆದಳು. ಮಾತು ಹೊರಗೆ ಕೇಳಿಸಲಿಲ್ಲ. ಶನಿವಾರ ಊರಿನಲ್ಲಿದ್ದ ಹುಡುಗಿಯ ತಂದೆಗೆ ಒಂದು ಇನ್‌ಲ್ಯಾಂಡ್ ಕಾಗದ ಹೋಯಿತು.

ಸೋಮವಾರ ಏಳು ಗಂಟೆಗೆ ಅವಳು ಯೂನಿಫಾರಂ ಹಾಕಿ, ತಲೆ ಬಾಚಿ, ಮುಂಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದಳು. ಕ್ಯಾಪು ತೊಡೆಯ ಮೇಲಿತ್ತು. ಸ್ಕೂಲಿನಲ್ಲಿ ಇನ್ಸ್‌ಪೆಕ್ಷನ್ ಇದೆ, ನಾಳೆ ನೋಡೋಣ ಎಂದು ಅಪ್ಪ ಅವಳ ಪಕ್ಕದಿಂದಲೇ ಇಳಿದು ಹೋದರು. ಆ ದಿನ ಇನ್ಸ್‌ಪೆಕ್ಷನ್ ಇತ್ತೇ? ನಾನು ಎಂದೂ ಕೇಳಲಿಲ್ಲ. ಅಪ್ಪ ಕೆಟ್ಟವರಲ್ಲ. ಸೂತಕವಿಲ್ಲ ಎಂದು ಸಭೆಯಲ್ಲಿ ಹೇಳುವಾಗ ಅವರು ಅದನ್ನು ಪೂರ್ತಿ ನಂಬಿಯೇ ಹೇಳುತ್ತಿದ್ದರು. ಅವರ ತಾಯಿ ಆ ಸಭೆಗಳಲ್ಲಿ ಇರುತ್ತಿರಲಿಲ್ಲ, ಅಷ್ಟೇ. ಅವಳು ಹತ್ತು ಗಂಟೆಯವರೆಗೆ ಹಾಗೇ ಕೂತಿದ್ದು, ಎದ್ದು, ಒಳಗೆ ಬಂದು, ಏಪ್ರನ್ ಮಡಚಿಟ್ಟು, ಅಮ್ಮನಿಗೆ ಕಾಯಿ ತುರಿದು ಕೊಟ್ಟಳು.

ಬುಧವಾರ ಬೆಳಿಗ್ಗೆ ಅವಳ ತಂದೆ ಬಂದರು. ಸಣ್ಣ ಆಳು, ಮೆಲುಮಾತಿನವರು. ಬೈಯಲಿಲ್ಲ, ಕೂಗಲಿಲ್ಲ. ಅಜ್ಜಿಗೆ ಕೈ ಮುಗಿದು, "ನೀವು ತಿಳಿಸಿದ್ದು ಒಳ್ಳೇದಾಯ್ತು ಕಣವ್ವ," ಎಂದರು. ಇವಳು ಹತ್ತಿರ ಬಂದಾಗ ಅಂಗಿಯ ಜೇಬಿನಿಂದ ಕಾಗದ ತೆಗೆದು ಅವಳ ಕೈಗೆ ಕೊಟ್ಟರು. ಅವಳು ನಿಂತೇ ಓದಿದಳು. ಓದುವಷ್ಟು ಹೊತ್ತೂ ಅವಳ ಮುಖ ಅವಳದಾಗಿರಲಿಲ್ಲ. ಡ್ರೆಸಿಂಗ್ ಬಿಚ್ಚುವಾಗಿನ ಮುಖ. ಮಡಿಕೆಯ ಗುರುತಿನಲ್ಲೇ ಮಡಚಿ ವಾಪಸು ಕೊಟ್ಟಳು.

"ಅಪ್ಪ, ಇನ್ನು ಎರಡು ದಿನ ಟೈಮ್ ಐತೆ. ನೀನೇ ಬಂದು ಸೈನ್ ಹಾಕಿದ್ರೂ ನಡಿಯುತ್ತೆ."

"ಬಸ್ಸು ಹನ್ನೊಂದಕ್ಕೆ ಐತಂತೆ ಮಗಾ," ಎಂದರು ಅವರು.

ನನ್ನ ಹತ್ತಿರ ಬಂದು, "ಬರ್ತೀನಿ ಅಕ್ಕ. ಪರೀಕ್ಷೆ ಚೆನ್ನಾಗಿ ಬರೀರಿ," ಎಂದಳು. ಅಷ್ಟೇ. ನಾನು ಗೇಟಿನವರೆಗೆ ಹೋದೆನೋ ಇಲ್ಲವೋ. ಹೋಗಿದ್ದೆ ಎಂದು ನಂಬಲು ಇಷ್ಟಪಡುತ್ತೇನೆ.

ಎರಡು ದಿನ ಬಿಟ್ಟು ಅವಳ ಸಹಪಾಠಿಯೊಬ್ಬಳು ವಿಳಾಸ ಹುಡುಕಿಕೊಂಡು ಓಡೋಡಿ ಬಂದಳು. ಹಿಂದಿನ ದಿನ ಮುದುಕರ ಮಗ ಒಂದು ಗೊನೆ ಬಾಳೆಹಣ್ಣು ಹೊತ್ತು ವಾರ್ಡಿಗೆ ಬಂದಿದ್ದನಂತೆ. ಮನೆಯಲ್ಲಿ ಬ್ಯಾಂಡೇಜು ಬಿಚ್ಚಿದಾಗ ಇಡೀ ಮನೆಯೇ ಅತ್ತಿತಂತೆ. ಆ ಮಗು ಯಾರು, ಕಾಲಿಗೆ ಬೀಳಬೇಕು ಎಂದು ಸಿಸ್ಟರ ಮುಂದೆ ಅವನೇ ಕಣ್ಣೀರು ಹಾಕಿದನಂತೆ. "ಸಿಸ್ಟರು ರಿಜಿಸ್ಟರಲ್ಲಿ ಬರೆದಿದ್ದನ್ನ ಹೊಡೆದು ಹಾಕಿದ್ರು ರೀ. ಸೈನು ಆಮೇಲೆ ನೋಡೋಣ, ಸೋಮವಾರದಿಂದ ಡ್ಯೂಟಿಗೆ ಬರೋಕೆ ಹೇಳು ಅಂದ್ರು. ಎಲ್ಲಿ ಅವಳು?"

ಅಮ್ಮ ಆ ಹುಡುಗಿಗೆ ಕಾಫಿ ಕೊಟ್ಟಳು. ಊರಿಗೆ ಹೋಗಿದ್ದಾಳೆ, ಕಾಗದ ಬರೆದು ತಿಳಿಸುತ್ತೇವೆ ಎಂದರು ಅಪ್ಪ. ಅಜ್ಜಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ. ಮೊದಲನೇ ಕಾಗದಕ್ಕೆ ಒಂದು ಸಂಜೆ ಸಾಕಾಗಿತ್ತು. ಎರಡನೆಯದಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತು ಸಿಗಲಿಲ್ಲ. ನನಗೂ ಸಿಗಲಿಲ್ಲ. ವಿಳಾಸ ನನಗೆ ಬಾಯಿಗೆ ಬರುತ್ತಿತ್ತು. ಮುಂದಿನ ವರ್ಷ ಅವಳ ಮದುವೆಯ ಆಹ್ವಾನಪತ್ರಿಕೆ ಬಂತು. ಅಪ್ಪ ಒಬ್ಬರೇ ಹೋಗಿ ಬಂದರು.

ಈಗ ಅಪ್ಪ ಇಲ್ಲ, ಅಜ್ಜಿ ಇಲ್ಲ. ಅಮ್ಮ ನನ್ನ ಜೊತೆ ಆರ್‌ಪಿಸಿ ಲೇಔಟಿನಲ್ಲಿದ್ದಾಳೆ. ಮದುವೆಮನೆಯಿಂದ ಬಂದ ಮೇಲೆ ನನಗೆ ಒಂದೇ ಯೋಚನೆ. ಮೊದಲನೇ ಕಾಗದದ ಒಂದು ವಾಕ್ಯ ನನಗೆ ಪೂರ್ತಿ ನೆನಪಿದೆ: 'ನಿಮ್ಮ ಮಗಳು ಇಲ್ಲಿ ಗಂಡಸರ ಹೆಣ ತೊಳೆಯುವ ಕೆಲಸದಲ್ಲಿದ್ದಾಳೆ, ಮುಂದಿನದು ನಿಮಗೆ ಬಿಟ್ಟದ್ದು.' ಇದು ನನಗೆ ಹೇಗೆ ಗೊತ್ತು? ಅವಳು ಓದಿದ್ದು ಮನಸ್ಸಿನಲ್ಲಿ. ಅವಳ ತಂದೆ ಅದನ್ನು ನನಗೆ ತೋರಿಸಲಿಲ್ಲ. ಅಜ್ಜಿಗೆ ಓದುಬರಹ ಇರಲಿಲ್ಲ. ಅಜ್ಜಿಯ ಕಾಗದಗಳನ್ನು ಅವಳು ಹೇಳಿದಂತೆ ಬರೆದುಕೊಡುತ್ತಿದ್ದದ್ದು ಅಪ್ಪನಲ್ಲ, ನಾನು. ನನಗೆ ಕಾಲೇಜಿನ ಕೆಲಸವಿದ್ದರೆ ಅಮ್ಮ. ಹೇಳಿ ಬರೆಸುವಾಗ ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿರಬಹುದು. ಹಾಗೆ ಇರಬಹುದು. ಆ ಶನಿವಾರದ ಪುಟದಲ್ಲಿ ನನ್ನ ದಿನಚರಿ ಹೇಳುವುದು ಇಷ್ಟೇ: 'ಟೆಸ್ಟ್ ಇತ್ತು. ತಲೆನೋವು.'

ಕಳೆದ ಭಾನುವಾರ ಅಮ್ಮ ಕಿಟಕಿಯ ಬಳಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಟ್ರಂಕಿನ ಬಣ್ಣ ನೆನಪಿರುವವಳಿಗೆ ಇದು ಮರೆತಿರಲಾರದು. ಎದುರಿಗೆ ಕುಳಿತು ಕೇಳಿದೆ. ಅವಳ ಕೈ ನಿಂತಿತು. ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಾಯಿಗಳನ್ನು ಒಂದೊಂದಾಗಿ ಮುರಿದು ತಟ್ಟೆಗೆ ಹಾಕತೊಡಗಿದಳು. ಅವತ್ತಿನಿಂದ ಇವತ್ತಿನವರೆಗೆ ಅವಳು ಆ ಮಾತು ಎತ್ತಿಲ್ಲ, ಎರಡನೇ ಸಲ ಕೇಳುವ ಧೈರ್ಯ ನನಗೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಮ್ಮ, ಅವತ್ತು ಅಜ್ಜಿ ಹೇಳಿದ್ದನ್ನ ಕೂತ್ಕೊಂಡು ಬರ್ಕೊಟ್ಟಿದ್ದು ನೀನಾ, ನಾನಾ?"